ಟೊಳ್ಳು ಕಂಬ, ಗಟ್ಟಿ ಕಂಬ: ಬೆಂಕಿ ಬಿದ್ದಾಗ ಯಾವುದು ಎಷ್ಟು ಹೊತ್ತು ನಿಲ್ಲುತ್ತದೆ?



ಕಂಬ ಇಲ್ಲದೆ ಕಟ್ಟಡ ಇಲ್ಲ. ಚಾವಣಿಯ ಭಾರ, ಅದರ ಮೇಲೆ ಇಟ್ಟ ಸಾಮಾನಿನ ಭಾರ, ಓಡಾಡುವ ಜನರ ಭಾರ ಎಲ್ಲವನ್ನೂ ಹೊತ್ತು ನೆಲಕ್ಕೆ ಮುಟ್ಟಿಸುವುದೇ ಕಂಬದ ಕೆಲಸ. ನಮ್ಮ ಬರಗೂರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ, ಮೂರು ನಾಲ್ಕು ತರದ ಕಂಬ ಕಾಣುತ್ತವೆ. ಹಳೇ ಮನೆಗಳಲ್ಲಿ ಮರದ ಕಂಬ, ಕಲ್ಲು ಕಂಬ. ಹೊಸ ಮನೆಗಳಲ್ಲಿ ಕಾಂಕ್ರೀಟ್ ಪಿಲ್ಲರು. ತೋಟದ ಶೆಡ್ಡುಗಳಲ್ಲಿ, ಅಂಗಡಿಗಳ ಮುಂದೆ ಕಬ್ಬಿಣದ ಪೈಪು. ಪೈಪು ಒಳಗೆ ಟೊಳ್ಳು. ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ.

ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಇವುಗಳಿಗೆ ಬೆಂಕಿ ತಗುಲಿದರೆ ಮೊದಲು ಯಾವುದು ಸೋಲುತ್ತದೆ? ನಮ್ಮ ತರಗತಿಯಲ್ಲಿ ಮೇಷ್ಟ್ರು ಕೇಳಿದಾಗ ಎಲ್ಲರೂ ಒಟ್ಟಿಗೆ "ಮರದ ಕಂಬ ಸಾರ್" ಅಂತ ಕೂಗಿದರು. ಕಬ್ಬಿಣ ಸುಡೋದಿಲ್ಲ, ಮರ ಸುಡುತ್ತೆ, ಹಾಗಾಗಿ ಕಬ್ಬಿಣವೇ ಗಟ್ಟಿ ಎಂದು ಎಲ್ಲರ ಲೆಕ್ಕ. ಆದರೆ ವಿಷಯ ಅಷ್ಟು ಸುಲಭ ಇಲ್ಲ. ಸುಡುವುದು ಬೇರೆ, ಸೋಲುವುದು ಬೇರೆ. ಅದನ್ನೇ ಈ ಲೇಖನದಲ್ಲಿ ಹಂತ ಹಂತವಾಗಿ ತಿಳಿಯೋಣ.

1. ಬೆಂಕಿಯ ಶಾಖ ಎಷ್ಟು?

ನಾವು ಕುದಿಯುವ ನೀರನ್ನು ಮುಟ್ಟಲಾರೆವು. ಅದರ ಶಾಖ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮಾತ್ರ. ಮನೆಗೆ ಬೆಂಕಿ ಹತ್ತಿಕೊಂಡರೆ ಅದು ಎಲ್ಲಿಗೋ ಹೋಗುತ್ತದೆ. ಕಂಬ, ಗೋಡೆ, ಬಾಗಿಲುಗಳನ್ನು ಪರೀಕ್ಷೆ ಮಾಡುವ ವಿಜ್ಞಾನಿಗಳು ಅವುಗಳನ್ನು ದೊಡ್ಡ ಒಲೆಯಲ್ಲಿ ಇಟ್ಟು ಒಂದು ಗೊತ್ತಾದ ಲೆಕ್ಕದ ಪ್ರಕಾರ ಶಾಖ ಏರಿಸುತ್ತಾರೆ. ಆ ಲೆಕ್ಕ ಪ್ರಪಂಚದ ಬಹಳ ದೇಶಗಳಲ್ಲಿ ಒಂದೇ:

5 ನಿಮಿಷಕ್ಕೆ – 576 ಡಿಗ್ರಿ
30 ನಿಮಿಷಕ್ಕೆ – 842 ಡಿಗ್ರಿ
1 ಗಂಟೆಗೆ – 945 ಡಿಗ್ರಿ
2 ಗಂಟೆಗೆ – 1049 ಡಿಗ್ರಿ

ನೋಡಿದಿರಾ! ಮೊದಲ ಐದು ನಿಮಿಷದಲ್ಲೇ ಅರ್ಧ ದಾರಿ ಹತ್ತಿಬಿಡುತ್ತದೆ. ಆಮೇಲೆ ನಿಧಾನ. ಕಂಬವನ್ನು ಈ ಒಲೆಯಲ್ಲಿ ನಿಲ್ಲಿಸಿ, ತಲೆ ಮೇಲೆ ಭಾರ ಹೊರಿಸಿ, ಅದು ಎಷ್ಟು ಹೊತ್ತು ಭಾರ ಹೊರುತ್ತದೆ ಎಂದು ಗಡಿಯಾರ ಹಿಡಿದು ನೋಡುತ್ತಾರೆ. ಆ ಹೊತ್ತಿಗೆ ಬೆಂಕಿ ತಾಳುವ ಶಕ್ತಿ ಎಂದು ಹೆಸರು. ಅದನ್ನು ಕೆ.ಜಿ.ಯಲ್ಲಿ ಅಳೆಯುವುದಿಲ್ಲ, ನಿಮಿಷದಲ್ಲಿ ಅಳೆಯುತ್ತಾರೆ. ಇದು ಬಹಳ ಮುಖ್ಯ. ಏಕೆಂದರೆ ಆ ನಿಮಿಷಗಳೇ ಒಳಗಿರುವ ಜನ ಹೊರಗೆ ಓಡಿಬರಲು ಇರುವ ಸಮಯ.

2. ಕಬ್ಬಿಣ ಕರಗುವ ಮೊದಲೇ ಸೋಲುತ್ತದೆ

ಉಕ್ಕು ಕರಗಬೇಕಾದರೆ ಸುಮಾರು 1500 ಡಿಗ್ರಿ ಬೇಕು. ಮನೆಯ ಬೆಂಕಿ ಅಷ್ಟಕ್ಕೆ ಹೋಗುವುದಿಲ್ಲ. ಹಾಗಾದರೆ ಉಕ್ಕಿಗೆ ಭಯ ಇಲ್ಲವೇ? ಇದೆ. ಕುಲುಮೆಯ ಹತ್ತಿರ ನಿಂತು ನೋಡಿದವರಿಗೆ ಗೊತ್ತು. ಆಚಾರ್ರು ಕುಡುಗೋಲನ್ನು ತಣ್ಣಗಿದ್ದಾಗ ಬಗ್ಗಿಸಲು ಹೋಗುವುದಿಲ್ಲ. ಕೆಂಡದಲ್ಲಿಟ್ಟು ಕೆಂಪಗೆ ಕಾಯಿಸಿ ಆಮೇಲೆ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಆಗ ಅದು ಹೇಳಿದ ಹಾಗೆ ಕೇಳುತ್ತದೆ. ಕರಗಿಲ್ಲ, ಆದರೆ ಮೆತ್ತಗಾಗಿದೆ. ಕಟ್ಟಡದ ಕಂಬಕ್ಕೂ ಅದೇ ಗತಿ.

400 ಡಿಗ್ರಿವರೆಗೆ ಉಕ್ಕಿನ ಬಲ ಬಹುಪಾಲು ಹಾಗೇ ಇರುತ್ತದೆ.
500 ಡಿಗ್ರಿಗೆ ಸುಮಾರು ಮುಕ್ಕಾಲು ಭಾಗ ಉಳಿಯುತ್ತದೆ.
600 ಡಿಗ್ರಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ.
700 ಡಿಗ್ರಿಗೆ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ.
800 ಡಿಗ್ರಿಗೆ ಸುಮಾರು ಹತ್ತರಲ್ಲಿ ಒಂದು ಭಾಗ.

ಒಂದು ಲೆಕ್ಕ ಮಾಡೋಣ. ಒಂದು ಉಕ್ಕಿನ ಕಂಬ 20 ಮೂಟೆ ಭಾರ ಹೊರಬಲ್ಲದು, ಅದರ ಮೇಲೆ 10 ಮೂಟೆ ಭಾರ ಇದೆ ಅನ್ನಿ. ತಣ್ಣಗಿದ್ದಾಗ ಅದಕ್ಕೆ ಏನೂ ಕಷ್ಟ ಇಲ್ಲ. 600 ಡಿಗ್ರಿಗೆ ಅದರ ಬಲ 9 ಮೂಟೆ ಚಿಲ್ಲರೆಗೆ ಇಳಿಯುತ್ತದೆ. ಮೇಲಿರುವುದು 10 ಮೂಟೆ. ಅಲ್ಲಿಗೆ ಮುಗಿಯಿತು, ಕಂಬ ಬಗ್ಗುತ್ತದೆ.

ಟೊಳ್ಳು ಪೈಪಿನ ತಗಡು ಬಹಳ ತೆಳು. ಅದಕ್ಕೇ ಅದು ಬೇಗ ಕಾಯುತ್ತದೆ. ಏನೂ ರಕ್ಷಣೆ ಇಲ್ಲದ ಟೊಳ್ಳು ಉಕ್ಕಿನ ಕಂಬ ಸಾಮಾನ್ಯವಾಗಿ 15ರಿಂದ 20 ನಿಮಿಷ ತಾಳುತ್ತದೆ. ದಪ್ಪ ಮರದ ತೊಲೆ ಹಾಗಲ್ಲ. ಅದರ ಹೊರಮೈ ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ತಿರುಳಿಗೆ ಸ್ವಲ್ಪ ಹೊತ್ತು ಕಂಬಳಿ ಹೊದಿಸಿದ ಹಾಗೆ ಕಾಪಾಡುತ್ತದೆ. ಆದ್ದರಿಂದ ತೆಳ್ಳನೆ ಕಬ್ಬಿಣಕ್ಕಿಂತ ದಪ್ಪ ಮರದ ಕಂಬ ಹೆಚ್ಚು ಹೊತ್ತು ನಿಲ್ಲುವುದೂ ಉಂಟು!

3. ಕಣ್ಣಾರೆ ಕಂಡ ಒಂದು ಉದಾಹರಣೆ

ಹೋದ ಬೇಸಿಗೆಯಲ್ಲಿ ನಮ್ಮ ಚಿಕ್ಕಪ್ಪನ ತೋಟದ ಶೆಡ್ಡಿಗೆ ಬೆಂಕಿ ಬಿತ್ತು. ಪೈಪಿನ ಕಂಬ, ಮೇಲೆ ತಗಡಿನ ಶೀಟು. ಒಂದು ಕಡೆ ರಾಗಿ ಹುಲ್ಲು, ಕಡಲೆಕಾಯಿ ಹೊಟ್ಟು ತುಂಬಿದ್ದರು. ಇನ್ನೊಂದು ಕಡೆ ಎರಡು ಎತ್ತು, ಒಂದು ಕರು ಕಟ್ಟಿದ್ದರು. ಚಿಕ್ಕಪ್ಪ ಒಳಗೆ ನುಗ್ಗಿ ಎರಡು ಎತ್ತಿನ ಹಗ್ಗ ಕೊಯ್ದು ಹೊರಗೆ ಅಟ್ಟಿದರು. ಕರುವಿಗೆ ಅಂತ ಮತ್ತೆ ಒಳಗೆ ಹೊರಟಾಗ ನಮ್ಮ ತಾತ ಅವರ ತೋಳು ಹಿಡಿದು "ಬ್ಯಾಡ ಕಣೋ, ಮೇಲೆ ನೋಡು, ಸೂರು ವಾಲ್ತಾ ಐತೆ" ಅಂದರು. ಚಿಕ್ಕಪ್ಪ ಬಿಡಿಸಿಕೊಳ್ಳಲು ಕೊಸರಾಡಿದರು. ತಾತ ಬಿಡಲಿಲ್ಲ. ಅಷ್ಟರಲ್ಲಿ ನಡುವಿನ ಎರಡು ಕಂಬ ಮೊಣಕಾಲು ಮಡಿಸಿದ ಹಾಗೆ ಮಡಿಸಿಕೊಂಡವು, ಶೀಟೆಲ್ಲ ಒಳಕ್ಕೆ ಕುಸಿಯಿತು. ಕರು ಉಳಿಯಲಿಲ್ಲ. ಚಿಕ್ಕಪ್ಪ ಉಳಿದರು.

ಬೆಂಕಿ ಆರಿದ ಮೇಲೆ ನೋಡಿದೆವು. ಪೈಪು ಎಲ್ಲೂ ಕರಗಿರಲಿಲ್ಲ. ಬಗ್ಗಿತ್ತು, ಕೆಲವು ಕಡೆ ಉಬ್ಬಿತ್ತು. ಪಕ್ಕದಲ್ಲೇ ಇದ್ದ ಹಳೇ ಕಲ್ಲು ಕಂಬದ ಚಕ್ಕೆ ಎದ್ದಿತ್ತು, ಆದರೆ ಕಂಬ ನಿಂತಿತ್ತು. ನನಗೆ ಈ ವಿಷಯ ಓದಬೇಕು ಅನ್ನಿಸಿದ್ದು ಆಗಲೇ.

4. ಕಲ್ಲಿಗೂ ಬೆಂಕಿಗೂ ಇರುವ ಹಗೆ

ಕಲ್ಲು ಕಂಬ ನಿಂತಿತು ಅಂತ ಕಲ್ಲಿಗೆ ಬೆಂಕಿ ಏನೂ ಮಾಡುವುದಿಲ್ಲ ಎಂದು ತಿಳಿಯಬೇಡಿ. ನಮ್ಮ ಕಡೆ ಬಂಡೆ ಕೆಲಸ ಮಾಡುವವರು ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುವ ಪದ್ಧತಿ ಇತ್ತು. ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನ ತಣ್ಣನೆ ಕಲ್ಲು ಹಿಗ್ಗುವುದಿಲ್ಲ. ಇಬ್ಬರ ಜಗಳದಲ್ಲಿ ಪದರ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿಯೇ ಪದರ ಎದ್ದಿದೆಯೋ ಇಲ್ಲವೋ ಹೇಳುತ್ತಿದ್ದರು. ನಮ್ಮ ಕಡೆ ಕರಿಕಲ್ಲಿನಲ್ಲಿ ಬೆಣಚು ಕಲ್ಲಿನ ಹರಳು ಇರುತ್ತವೆ. 573 ಡಿಗ್ರಿ ದಾಟುವಾಗ ಬೆಣಚು ಹರಳು ಥಟ್ಟನೆ ಹಿಗ್ಗುತ್ತದೆ. ಅದರಿಂದ ಕಲ್ಲು ಸೀಳುತ್ತದೆ. ಕಾದ ಕಲ್ಲಿನ ಮೇಲೆ ಒಮ್ಮೆಲೇ ತಣ್ಣೀರು ಬಿದ್ದರಂತೂ ಇನ್ನೂ ಬೇಗ ಬಿರುಕು ಬಿಡುತ್ತದೆ. ಹಾಗಾಗಿ ಬೆಂಕಿ ಬಿದ್ದ ಮನೆಯ ಕಲ್ಲು ಕಂಬ, ಚಪ್ಪಡಿ ನೋಡೋಕೆ ಚೆನ್ನಾಗಿದ್ದರೂ ತಿಳಿದವರು ಪರೀಕ್ಷಿಸುವ ತನಕ ಅದರ ಕೆಳಗೆ ಮಲಗಬಾರದು.

5. ಟೊಳ್ಳು ತುಂಬಿದರೆ ಏನಾಗುತ್ತದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ದೊಡ್ಡ ಕಟ್ಟಡ ಕಟ್ಟುವವರು ಒಂದು ಉಪಾಯ ಮಾಡಿದ್ದಾರೆ. ಉಕ್ಕಿನ ಟೊಳ್ಳು ಕಂಬದ ಒಳಗೆ ಕಾಂಕ್ರೀಟು ತುಂಬುತ್ತಾರೆ. ಇದರಿಂದ ಎರಡು ಲಾಭ. ಒಂದು, ಕಂಬ ಹೆಚ್ಚು ಭಾರ ಹೊರುತ್ತದೆ, ಸೆಂಟ್ರಿಂಗ್ ಹಲಗೆಯೂ ಬೇಕಿಲ್ಲ, ಪೈಪೇ ಅಚ್ಚು. ಎರಡು, ಬೆಂಕಿಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ.

ಅದು ಹೇಗೆ? ಸುಟ್ಟ ಗೆಣಸನ್ನು ನೆನಪು ಮಾಡಿಕೊಳ್ಳಿ. ಬೂದಿಯಿಂದ ಬೇಗ ತೆಗೆದುಬಿಟ್ಟರೆ ಸಿಪ್ಪೆ ಕರಕಲಾಗಿದ್ದರೂ ನಡುವೆ ಇನ್ನೂ ಹಸಿ ಇರುತ್ತದೆ. ಮುದ್ದೆಯೂ ಹಾಗೆಯೇ, ತಿರುಗಾ ಮುರುಗಾ. ಮೇಲೆ ಆರಿದ ಹಾಗಿರುತ್ತದೆ, ಮುರಿದರೆ ಒಳಗೆ ಬೆರಳು ಸುಡುತ್ತದೆ. ದಪ್ಪ ವಸ್ತುವಿನಲ್ಲಿ ಶಾಖ ಒಳಗೆ ಹೋಗಲೂ ಹೊತ್ತು ಬೇಕು, ಹೊರಗೆ ಬರಲೂ ಹೊತ್ತು ಬೇಕು. ಕಬ್ಬಿಣದಲ್ಲಿ ಶಾಖ ಓಡುತ್ತದೆ, ಕಾಂಕ್ರೀಟಿನಲ್ಲಿ ತೆವಳುತ್ತದೆ.

ಕಾಂಕ್ರೀಟ್ ತುಂಬಿದ ಕಂಬಕ್ಕೆ ಬೆಂಕಿ ತಗುಲಿದಾಗ ಒಂದರ ಹಿಂದೆ ಒಂದು ಹೀಗೆ ನಡೆಯುತ್ತದೆ:

ಅ) ಮೊದಲು ಹೊರಗಿನ ಉಕ್ಕು ಕಾಯುತ್ತದೆ, ಹಿಗ್ಗುತ್ತದೆ. ಉಕ್ಕಿನ ಒಂದು ಮೀಟರ್ ಉದ್ದ 100 ಡಿಗ್ರಿ ಕಾದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. 3 ಮೀಟರ್ ಕಂಬ 500 ಡಿಗ್ರಿ ಕಾದರೆ ಸುಮಾರು 18 ಮಿಲಿಮೀಟರ್. ಒಳಗಿನ ಕಾಂಕ್ರೀಟು ಇನ್ನೂ ತಣ್ಣಗಿರುವುದರಿಂದ ಅಷ್ಟು ಬೆಳೆದಿರುವುದಿಲ್ಲ. ಹಾಗಾಗಿ ಉಕ್ಕೇ ಮೇಲಿನ ಭಾರವನ್ನು ಎತ್ತಿ ಹಿಡಿಯುತ್ತದೆ.

ಆ) ಸುಮಾರು 20ರಿಂದ 30 ನಿಮಿಷಕ್ಕೆ ಉಕ್ಕು ಮೆತ್ತಗಾಗಿ ಉಬ್ಬುತ್ತದೆ, ಕುಗ್ಗುತ್ತದೆ. ಟೊಳ್ಳು ಕಂಬವಾಗಿದ್ದರೆ ಇಲ್ಲಿಗೆ ಕತೆ ಮುಗಿಯುತ್ತಿತ್ತು.

ಇ) ಆದರೆ ಇಲ್ಲಿ ಭಾರವು ಒಳಗಿನ ಕಾಂಕ್ರೀಟಿನ ತಲೆಗೆ ಬರುತ್ತದೆ. ಅಣ್ಣ ಸುಸ್ತಾದಾಗ ಮೂಟೆಯನ್ನು ತಮ್ಮ ಹೊತ್ತ ಹಾಗೆ. ಮೆತ್ತಗಾದ ಉಕ್ಕು ಸುಮ್ಮನಿರುವುದಿಲ್ಲ. ಕಾಂಕ್ರೀಟಿನ ಚಕ್ಕೆ ಹಾರಿಹೋಗದಂತೆ ಸುತ್ತಲೂ ಅಂಗಿಯ ಹಾಗೆ ಹಿಡಿದಿರುತ್ತದೆ.

ಈ) ನಿಧಾನವಾಗಿ ಶಾಖ ತಿರುಳಿಗೂ ಇಳಿಯುತ್ತದೆ. ಕಾಂಕ್ರೀಟೂ ಬಲ ಕಳೆದುಕೊಂಡಾಗ ಕಂಬ ಬೀಳುತ್ತದೆ.

ಬರೀ ಕಾಂಕ್ರೀಟು ತುಂಬಿದ ಕಂಬಗಳು ಪರೀಕ್ಷೆಗಳಲ್ಲಿ ಒಂದರಿಂದ ಎರಡು ಗಂಟೆ ತಾಳಿವೆ. ಒಳಗೆ ಕಂಬಿ ಕಟ್ಟಿ ಅಥವಾ ಉಕ್ಕಿನ ಸಣ್ಣ ಎಳೆಗಳನ್ನು ಬೆರೆಸಿ ತುಂಬಿದರೆ ಮೂರು ಗಂಟೆಯವರೆಗೂ ಹೋಗುತ್ತದೆ. 15 ನಿಮಿಷ ಎಲ್ಲಿ, ಮೂರು ಗಂಟೆ ಎಲ್ಲಿ!

6. ನೀರಿನ ಸಹಾಯ, ನೀರಿನ ಅಪಾಯ

ಗಟ್ಟಿಯಾದ ಕಾಂಕ್ರೀಟಿನ ಒಳಗೂ ನೀರಿನ ಅಂಶ ಇರುತ್ತದೆ ಎಂದರೆ ನಿಮಗೆ ಆಶ್ಚರ್ಯ ಆಗಬಹುದು. ಒಂದು ಗ್ರಾಂ ಕುದಿಯುವ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಆ ನೀರು ಆವಿಯಾಗುವವರೆಗೂ ಬೆಂಕಿಯ ಶಾಖವನ್ನು ನುಂಗುತ್ತದೆ, ಒಳಗಿನ ಕಾಂಕ್ರೀಟು ಅಷ್ಟು ಹೊತ್ತು 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ.

ಪ್ರಯೋಗ: (ಮೇಷ್ಟ್ರು ಅಥವಾ ಮನೆಯ ದೊಡ್ಡವರು ಜೊತೆಗೆ ಇದ್ದರೆ ಮಾತ್ರ ಮಾಡಿ.) ಪ್ಲಾಸ್ಟಿಕ್ ಬಳಿಯದ ಬರೀ ಕಾಗದದಲ್ಲಿ ದೊನ್ನೆ ಮಾಡಿ ಅರ್ಧ ನೀರು ಹಾಕಿ. ಮೇಣದ ಬತ್ತಿಯ ಮೇಲೆ ಇಕ್ಕಳದಲ್ಲಿ ಹಿಡಿಯಿರಿ. ಉರಿಯ ನಾಲಿಗೆ ನೀರು ಇರುವ ಕಡೆಗೆ ಮಾತ್ರ ತಾಗಲಿ. ನೀರು ಬಿಸಿಯಾಗುತ್ತದೆ, ಕಾಗದ ಹೊತ್ತಿಕೊಳ್ಳುವುದಿಲ್ಲ! ಕಾಗದಕ್ಕೆ ಬಂದ ಶಾಖವನ್ನೆಲ್ಲ ನೀರು ಕಿತ್ತುಕೊಳ್ಳುತ್ತದೆ. ಖಾಲಿ ದೊನ್ನೆ ಕ್ಷಣದಲ್ಲಿ ಉರಿದುಹೋಗುತ್ತದೆ. ಖಾಲಿ ದೊನ್ನೆಯೇ ಟೊಳ್ಳು ಕಂಬ, ನೀರಿನ ದೊನ್ನೆಯೇ ತುಂಬಿದ ಕಂಬ.

ಆದರೆ ಒಂದು ಅಪಾಯ ಉಂಟು. ಆವಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ? ಕುಕ್ಕರಿನ ಸೀಟಿ ಕಟ್ಟಿಹಾಕಿದ ಹಾಗೆ ಆಗುತ್ತದೆ. ಉಕ್ಕಿನ ಕೊಳವೆ ಸಿಡಿಯಬಹುದು. ಅದಕ್ಕಾಗಿ ಇಂಥ ಕಂಬಗಳಲ್ಲಿ ಪ್ರತಿ ಅಂತಸ್ತಿಗೂ ಮೇಲೊಂದು ಕೆಳಗೊಂದು ರಂಧ್ರ ಬಿಡಬೇಕು. ರಂಧ್ರ 20 ಮಿಲಿಮೀಟರಿಗಿಂತ ಚಿಕ್ಕದಿರಬಾರದು ಎಂದು ಯೂರೋಪಿನ ನಿಯಮ ಹೇಳುತ್ತದೆ. ನೋಡಿ, ಒಂದು ಸಣ್ಣ ತೂತು ದೊಡ್ಡ ಕಂಬವನ್ನು ಕಾಯುತ್ತದೆ.

7. ಇದನ್ನು ಕಂಡುಹಿಡಿದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಓದಿದವರೂ ಇದ್ದಾರೆ

ತುಂಬಿದ ಕಂಬಗಳ ಬಗ್ಗೆ ಬಹಳ ಪರೀಕ್ಷೆ ನಡೆದದ್ದು ಕೆನಡಾ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ. ಅಲ್ಲಿ ಟಿ. ಟಿ. ಲೀ ಎಂಬ ವಿಜ್ಞಾನಿಯೂ, ವೆಂಕಟೇಶ್ ಕೋಡೂರ್ ಅವರೂ ಕೆಲಸ ಮಾಡಿದರು. ಕೋಡೂರ್ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿ ಕೆನಡಾಕ್ಕೆ ಹೋದವರು. ಆಮೇಲೆ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಪ್ರತಿ ಕಂಬವನ್ನೂ ಸುಟ್ಟು ನೋಡುವ ಬದಲು ಲೆಕ್ಕ ಹಾಕಿಯೇ ನಿಮಿಷ ತಿಳಿಯುವ ಸೂತ್ರವನ್ನು ಇವರು ತಯಾರು ಮಾಡಿಕೊಟ್ಟರು. ಆ ಸೂತ್ರದ ಸಾರ ಇಷ್ಟು:

ಕಂಬ ದಪ್ಪ ಆದಷ್ಟೂ ಹೆಚ್ಚು ಹೊತ್ತು ನಿಲ್ಲುತ್ತದೆ.
ಕಂಬ ಉದ್ದ ಆದಷ್ಟೂ ಬೇಗ ಸೋಲುತ್ತದೆ.
ಮೇಲಿನ ಭಾರ ಹೆಚ್ಚಾದಷ್ಟೂ ಬೇಗ ಸೋಲುತ್ತದೆ.
ಚೌಕದ ಕಂಬಕ್ಕಿಂತ ದುಂಡು ಕಂಬ ಸ್ವಲ್ಪ ಮೇಲು.
ಕರಿಕಲ್ಲು ಜಲ್ಲಿಗಿಂತ ಸುಣ್ಣಕಲ್ಲಿನ ಜಲ್ಲಿ ಹಾಕಿದ ಕಾಂಕ್ರೀಟು ಸ್ವಲ್ಪ ಹೆಚ್ಚು ತಾಳುತ್ತದೆ.

2001ರ ಸೆಪ್ಟೆಂಬರ್ 11ರಂದು ಅಮೆರಿಕದ ನ್ಯೂಯಾರ್ಕಿನಲ್ಲಿ ಎರಡು ದೊಡ್ಡ ಗೋಪುರಗಳಿಗೆ ವಿಮಾನ ಬಡಿಸಿದರಲ್ಲ, ಆ ಕಟ್ಟಡಗಳು ಏಕೆ ಬಿದ್ದವು ಎಂದು ಪರಿಶೀಲಿಸಿದ ತಂಡದಲ್ಲೂ ಕೋಡೂರ್ ಇದ್ದರು. ಆ ಗೋಪುರಗಳ ಹೊರಸುತ್ತಿನ ಕಂಬಗಳು ಉಕ್ಕಿನ ಟೊಳ್ಳು ಪೆಟ್ಟಿಗೆಗಳು. ಅವುಗಳಿಗೆ ಬೆಂಕಿ ತಡೆಯುವ ಲೇಪ ಇತ್ತು. ವಿಮಾನದ ಹೊಡೆತಕ್ಕೆ ಲೇಪ ಉದುರಿಹೋಯಿತು. ಕಾದ ಅಂತಸ್ತುಗಳು ಜೋತು ಕಂಬಗಳನ್ನು ಒಳಕ್ಕೆ ಎಳೆದವು. ದಕ್ಷಿಣದ ಗೋಪುರ 56 ನಿಮಿಷಕ್ಕೆ, ಉತ್ತರದ ಗೋಪುರ 102 ನಿಮಿಷಕ್ಕೆ ಬಿದ್ದವು. ಅಲ್ಲೂ ಉಕ್ಕು ಕರಗಿ ಬೀಳಲಿಲ್ಲ. ಬಲ ಕಳೆದುಕೊಂಡು ಬಗ್ಗಿ ಬಿತ್ತು.

8. ಹಾಗಾದರೆ ಎಲ್ಲ ಪೈಪಿಗೂ ಕಾಂಕ್ರೀಟು ತುಂಬಿಬಿಡೋಣವೇ?

ನಾನು ಇದನ್ನೆಲ್ಲ ಓದಿದ ಮೇಲೆ ಚಿಕ್ಕಪ್ಪನ ಹೊಸ ಶೆಡ್ಡಿಗೆ ಹಾಗೇ ಮಾಡಿಸೋಣ ಅಂತ ಕೇಳಿದೆ. ಮೇಷ್ಟ್ರು ನಗುತ್ತಾ, "ಕಂಬ ಮೂರು ಗಂಟೆ ನಿಂತರೆ ಸಾಕೇನೋ? ಮೇಲಿನ ತೊಲೆ ಯಾವುದರದ್ದು?" ಅಂದರು. ಯೋಚಿಸಿದರೆ ಅದು ನಿಜ. ತೊಲೆಯೂ ತೆಳು ಕಬ್ಬಿಣವೇ. ಕಂಬ ನಿಂತರೂ ತೊಲೆ ಬಗ್ಗಿ ಶೀಟು ತಲೆ ಮೇಲೆ ಬೀಳುತ್ತದೆ. ಸರಪಳಿಯಲ್ಲಿ ಯಾವ ಕೊಂಡಿ ಸಣ್ಣದೋ ಸರಪಳಿಯ ಬಲ ಅಷ್ಟೇ. ಅಲ್ಲದೆ ಶೆಡ್ಡಿನ ಪೈಪು ಕೈಯ ಗಾತ್ರದ್ದು. ಪರೀಕ್ಷೆ ಮಾಡಿದ ಕಂಬಗಳು ಅದಕ್ಕಿಂತ ಎಷ್ಟೋ ದಪ್ಪ. ಸಣ್ಣ ಪೈಪಿಗೆ ತುಂಬಿದರೆ ಶಾಖ ತಿರುಳಿಗೆ ಬೇಗ ಮುಟ್ಟುತ್ತದೆ. ಇಂಥ ಕಂಬವನ್ನು ಇಂಜಿನಿಯರು ಲೆಕ್ಕ ಹಾಕಿ ಮಾಡಿಸಬೇಕೇ ಹೊರತು ನಾವೇ ಅಂದಾಜಿನಲ್ಲಿ ಮಾಡುವಂಥದ್ದಲ್ಲ.

ಕೊನೆಗೆ ಚಿಕ್ಕಪ್ಪ ಏನು ಮಾಡಿದರು ಗೊತ್ತೇ? ಖರ್ಚಿಲ್ಲದ ಕೆಲಸ ಮಾಡಿದರು. ಹುಲ್ಲಿನ ಬಣವೆಯನ್ನು ಕೊಟ್ಟಿಗೆಯಿಂದ ದೂರ ಹಾಕಿದರು. ಕೊಟ್ಟಿಗೆಗೆ ಎರಡು ಕಡೆ ಬಾಗಿಲು ಇಟ್ಟರು. ದನ ಕಟ್ಟುವುದಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತಾರೆ. ಬೆಂಕಿ ತಾಳುವ ಕಂಬಕ್ಕಿಂತ ಬೆಂಕಿಯೇ ತಲುಪದ ಕಂಬ ಮೇಲು.

ಮನೆ ಕಟ್ಟುವವರಿಗೂ ಒಂದು ಮಾತು. ಸಾಮಾನ್ಯ ಕಾಂಕ್ರೀಟ್ ಪಿಲ್ಲರಿನಲ್ಲಿ ಕಂಬಿಯ ಹೊರಗೆ 40 ಮಿಲಿಮೀಟರ್ ಕಾಂಕ್ರೀಟು ಇರಬೇಕು ಎಂದು ನಮ್ಮ ದೇಶದ ನಿಯಮ ಇದೆ. ಅದು ತುಕ್ಕಿನಿಂದಲೂ ಬೆಂಕಿಯಿಂದಲೂ ಕಂಬಿಯನ್ನು ಕಾಪಾಡುತ್ತದೆ. ಕೆಲಸ ನಡೆಯುವಾಗ ಕಂಬಿ ಹಲಗೆಗೆ ಅಂಟಿಕೊಂಡಿದ್ದರೆ ಮೇಸ್ತ್ರಿಗೆ ಹೇಳಿ ಸರಿ ಮಾಡಿಸಿ.

9. ಕಂಬ ನಿಂತರೂ ಜೀವ ಹೋಗಬಹುದು

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಬೆಂಕಿ ಬಿತ್ತು. 9 ಜನ ಸತ್ತರು. ಕಟ್ಟಡ ಬೀಳಲಿಲ್ಲ, ಕಂಬಗಳು ನಿಂತಿದ್ದವು. ಆದರೆ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡಿಗೆ ಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ ನಮ್ಮಂಥ 94 ಮಕ್ಕಳು ತೀರಿಕೊಂಡರು. ಇದನ್ನು ಬರೆಯುವಾಗ ನನಗೆ ಬಹಳ ಸಂಕಟವಾಯಿತು. ಕಂಬ ಕೊಡುವುದು ಸಮಯ ಮಾತ್ರ. ಆ ಸಮಯದಲ್ಲಿ ಹೊರಗೆ ಬರಲು ದಾರಿ ಬೇಕು.

10. ನೆನಪಿಡಿ

* ಬೆಂಕಿ ಕಂಡರೆ 101 ಅಥವಾ 112ಕ್ಕೆ ಫೋನ್ ಮಾಡಿ. ಬೆಂಕಿ ಆರಿಸುವ ಗಾಡಿ ದೂರದಿಂದ ಬರಬೇಕು, ಅದಕ್ಕೇ ಮೊದಲ ಕೆಲಸ ಇದೇ.
* ಹೊಗೆ ತುಂಬಿದ್ದರೆ ಬಗ್ಗಿ ನೆಲದ ಹತ್ತಿರ ತೆವಳಿ ಬನ್ನಿ. ಹೊಗೆ ಮೇಲಕ್ಕೆ ಏರುತ್ತದೆ.
* ತಗಡಿನ ಶೆಡ್ಡು ಹತ್ತಿ ಉರಿಯುತ್ತಿದ್ದರೆ ಸಾಮಾನಿಗಾಗಿ ಒಳಗೆ ಹೋಗಬೇಡಿ. ಕಂಬ ಹೇಳಿ ಬೀಳುವುದಿಲ್ಲ.
* ಬಾಗಿಲಿಗೆ ಅಡ್ಡವಾಗಿ ಮೂಟೆ, ಸೈಕಲ್ಲು, ಸೌದೆ ಇಡಬೇಡಿ.
* ಬೆಂಕಿ ಆರಿದ ಮೇಲೂ ಬಗ್ಗಿದ ಕಂಬ, ಸೀಳಿದ ಕಲ್ಲಿನ ಕೆಳಗೆ ಹೋಗಬೇಡಿ.

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ" ಎಂಬ ಗಾದೆ ಎಲ್ಲರಿಗೂ ಗೊತ್ತು. ಬಾವಿಯನ್ನು ಈಗಲೇ ತೋಡಿಟ್ಟುಕೊಳ್ಳುವುದು ಎಂದರೆ ಇದೇ.

ಓದುಗರಿಗೆ ಪ್ರಶ್ನೆಗಳು

1. 4 ಮೀಟರ್ ಉದ್ದದ ಉಕ್ಕಿನ ಕಂಬ 300 ಡಿಗ್ರಿ ಹೆಚ್ಚು ಕಾದರೆ ಎಷ್ಟು ಮಿಲಿಮೀಟರ್ ಬೆಳೆಯುತ್ತದೆ?
2. ತುಂಬಿದ ಕಂಬಕ್ಕೆ ರಂಧ್ರ ಏಕೆ ಬೇಕು?
3. ನಿಮ್ಮ ಮನೆಯಲ್ಲಿ ಯಾವ ಕಂಬ ಇದೆ? ಅದರ ಹತ್ತಿರ ಬೇಗ ಹತ್ತಿಕೊಳ್ಳುವ ವಸ್ತು ಏನೇನಿದೆ? ಪಟ್ಟಿ ಮಾಡಿ.

ಮೊದಲೆರಡರ ಉತ್ತರ ಚೀಟಿಯಲ್ಲಿ ಬರೆದು ಭಿತ್ತಿಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ. ಮೂರನೆಯದರ ಉತ್ತರವನ್ನು ಡಬ್ಬಿಗೆ ಹಾಕಬೇಡಿ, ಇವತ್ತು ಸಂಜೆಯೇ ಅಪ್ಪ ಅಮ್ಮನಿಗೆ ತೋರಿಸಿ.

– 7ನೇ ತರಗತಿ ವಿದ್ಯಾರ್ಥಿ, ಬರಗೂರು